ತ್ಯಾಗಪತ್ರವೂ ತಾಳ್ಮೆಯೂ: ಸಭೆಗಳ ಹಿರಿಯರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಕ್ರೈಸ್ತ ಸಭೆಗಳ ಪೂಜ್ಯ ಸಭಾಪಾಲಕರಿಗೂ, ಧರ್ಮಕೇಂದ್ರಗಳ ಗುರುಗಳಿಗೂ, ಸಭಾ ಸಮಿತಿಗಳ ಮಾನ್ಯ ಹಿರಿಯರಿಗೂ,

ಮದುವೆಯ ವಿಷಯದಲ್ಲಿ ಕ್ರೈಸ್ತರು ಬಹು ಕಟ್ಟುನಿಟ್ಟಿನವರೆಂದು ನೆರೆಹೊರೆಯವರಲ್ಲಿ ನಮಗೊಂದು ಹೆಸರಿದೆ. ಮೂರು ಭಾನುವಾರ ಆರಾಧನೆಯ ನಡುವೆ ಪ್ರಕಟಣೆಯನ್ನು ಓದಿ, ಆಕ್ಷೇಪವುಳ್ಳವರು ಎದ್ದು ಹೇಳಬಹುದೆಂದು ಸಭೆಯನ್ನೇ ಕೇಳಿ, ಮರಣವೊಂದರ ಹೊರತು ಬೇರೆ ಯಾವುದೂ ತಮ್ಮನ್ನು ಅಗಲಿಸದೆಂದು ವಧೂವರರಿಂದ ಮಾತು ತೆಗೆದುಕೊಂಡು, ಕಟ್ಟಕಡೆಗೆ ರಿಜಿಸ್ಟರಿನಲ್ಲಿ ಸಾಕ್ಷಿಗಳ ಸಮೇತ ರುಜು ಹಾಕಿಸುವ ನಮ್ಮ ಕ್ರಮವನ್ನು ಕಂಡವರಿಗೆ ಹಾಗೆನ್ನಿಸುವುದು ಸಹಜವೇ ಸರಿ. ಆ ಹೆಸರಿನ ಬಗ್ಗೆ ನನಗೂ ಅಭಿಮಾನವುಂಟು. ಅಭಿಮಾನವಿರುವುದರಿಂದಲೇ ಈ ಪತ್ರವನ್ನು ಬರೆಯಲು ಮನಸ್ಸಾಯಿತು. ನಾನು ಅರಿಕೆ ಮಾಡಿಕೊಳ್ಳಬೇಕಾದುದು ಇಷ್ಟೆ: ಗಂಡಹೆಂಡಿರನ್ನು ಅಗಲಿಸಬಾರದೆಂಬ ಪ್ರಭುವಿನ ಮಾತನ್ನು ತಾವು ತಲೆತಲಾಂತರದಿಂದ ಕಾಪಾಡಿಕೊಂಡು ಬಂದಿದ್ದೀರಿ, ಆದರೆ ಆ ಮಾತು ಯಾರ ರಕ್ಷಣೆಗಾಗಿ ಹೊರಟಿತೋ ಅವರನ್ನು ಕಾಪಾಡುವ ಕಾರ್ಯವು ನಮ್ಮ ಸಭೆಗಳಿಂದ ಆಗಿಲ್ಲ.

ಆ ಮಾತು ಹೊರಟ ಸಂದರ್ಭವನ್ನು ಒಮ್ಮೆ ಸಾವಧಾನವಾಗಿ ನೋಡೋಣ. ಮತ್ತಾಯನ ಸುವಾರ್ತೆಯ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಫರಿಸಾಯರು ಬಂದು, ಯಾವುದಾದರೊಂದು ಕಾರಣದಿಂದ ಗಂಡನು ಹೆಂಡತಿಯನ್ನು ಬಿಡುವುದು ಧರ್ಮವೋ ಎಂದು ಯೇಸುವನ್ನು ಪರೀಕ್ಷಿಸುತ್ತಾರೆ. ಧರ್ಮೋಪದೇಶಕಾಂಡದ ಇಪ್ಪತ್ತನಾಲ್ಕನೆಯ ಅಧ್ಯಾಯದ ಮೇರೆಗೆ, ಹೆಂಡತಿಯಲ್ಲಿ ಅವಲಕ್ಷಣವೊಂದನ್ನು ಕಂಡ ಗಂಡನು ತ್ಯಾಗಪತ್ರವನ್ನು ಬರೆದು ಆಕೆಯ ಕೈಯಲ್ಲಿ ಕೊಟ್ಟು ಮನೆಯಿಂದ ಕಳುಹಿಸಬಹುದಾಗಿತ್ತು. ಬರೆಯುವ ಅಧಿಕಾರ ಅವನದು, ಹೊರಡುವ ಪಾಡು ಅವಳದು. ಆ ಅವಲಕ್ಷಣ ಯಾವುದೆಂಬ ವಿಷಯದಲ್ಲಿ ಯೆಹೂದ್ಯ ಪಂಡಿತರಲ್ಲಿ ಎರಡು ಪಂಥಗಳಿದ್ದುವು. ಶಮ್ಮಾಯಿಯ ಪಂಥದವರು ಶೀಲಭಂಗವೊಂದೇ ಕಾರಣವೆನ್ನುತ್ತಿದ್ದರೆ, ಹಿಲ್ಲೇಲನ ಪಂಥದವರು ಅಡಿಗೆಯನ್ನು ಕೆಡಿಸಿದುದೂ ಸಾಕಾದ ಕಾರಣವೆನ್ನುತ್ತಿದ್ದರು. ಸಾರು ಸೀದುಹೋದ ಒಂದು ಮಧ್ಯಾಹ್ನ, ತವರಿನಲ್ಲಿ ಯಾರೂ ಉಳಿದಿರದ ಹೆಣ್ಣೊಬ್ಬಳು ಆ ಪತ್ರವನ್ನು ಹಿಡಿದು ಬೀದಿಯಲ್ಲಿ ನಿಂತಿರುವುದನ್ನು ಕಲ್ಪಿಸಿಕೊಂಡರೆ, ಈ ಚರ್ಚೆಯಲ್ಲಿ ಪಣಕ್ಕಿಟ್ಟಿದ್ದುದು ಏನೆಂಬುದು ವಿಶದವಾಗುತ್ತದೆ.

ಯೇಸು ಎರಡು ಪಂಥಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಗೋಜಿಗೆ ಹೋಗದೆ, ಆದಿಯ ಸೃಷ್ಟಿಯ ಮಾತನ್ನೆತ್ತಿ, ಇಬ್ಬರೂ ಒಂದೇ ಶರೀರವಾದ ಮೇಲೆ ಅಗಲಿಸುವ ಹಕ್ಕು ಮನುಷ್ಯನಿಗಿಲ್ಲವೆಂದೂ, ಮೋಶೆಯು ಅಪ್ಪಣೆ ಕೊಟ್ಟದ್ದು ಅವರ ಹೃದಯಕಾಠಿಣ್ಯವನ್ನು ನೋಡಿಯೆಂದೂ ಹೇಳಿದನು. ಕೇಳಿದವರು ಗಂಡಸರು, ಉತ್ತರವು ಮೊಟಕುಮಾಡಿದ್ದು ಗಂಡಸರ ಸ್ವಾತಂತ್ರ್ಯವನ್ನು. ಹಾಗಿದ್ದರೆ ಮದುವೆಯಾಗದಿರುವುದೇ ಲೇಸೆಂದು ಶಿಷ್ಯರು ಗಾಬರಿಗೊಂಡು ನುಡಿದರೆಂದು ಮತ್ತಾಯನು ಬರೆದಿಟ್ಟಿದ್ದಾನೆ. ಬಿಟ್ಟುಬಿಡುವ ಸೌಕರ್ಯವಿಲ್ಲದೆ ಹೆಣ್ಣೊಬ್ಬಳೊಡನೆ ಬಾಳುವುದು ಆ ಸತ್ಪುರುಷರಿಗೂ ಅಷ್ಟು ದುರ್ಭರವೆನಿಸಿತು. ಮಾರ್ಕನಲ್ಲಿ ಇದಕ್ಕಿಂತ ಗಹನವಾದ ಅಂಶವೊಂದಿದೆ. ಹಳೆಯ ಧರ್ಮಶಾಸ್ತ್ರದ ದೃಷ್ಟಿಯಲ್ಲಿ ಹಾದರವೆಂಬುದು ಇನ್ನೊಬ್ಬ ಗಂಡಸಿನ ಹಕ್ಕಿಗೆ ಮಾಡಿದ ದ್ರೋಹ. ವಿವಾಹಿತನು ಅವಿವಾಹಿತೆಯ ಬಳಿಗೆ ಹೋದರೆ ಅದು ತನ್ನ ಹೆಂಡತಿಗೆ ಮಾಡಿದ ಹಾದರವೆಂದು ಯಾವ ಪಂಡಿತನೂ ಎಣಿಸುತ್ತಿರಲಿಲ್ಲ. ಮಾರ್ಕನ ಹತ್ತನೆಯ ಅಧ್ಯಾಯದಲ್ಲಿಯಾದರೋ, ಹೆಂಡತಿಯನ್ನು ಬಿಟ್ಟು ಮತ್ತೊಬ್ಬಳನ್ನು ಮದುವೆಯಾಗುವವನು ಆ ಹೆಂಡತಿಗೇ ದ್ರೋಹ ಬಗೆದವನಾಗುತ್ತಾನೆ. ಹೆಣ್ಣಿಗೂ ಹಾದರದಿಂದ ಅನ್ಯಾಯವಾಗಬಲ್ಲುದೆಂಬ ಈ ನುಡಿ ಆ ಕಾಲಕ್ಕೆ ಎಂತಹ ಹೊಸ ನುಡಿಯಾಗಿತ್ತೆಂಬುದನ್ನು ನಮ್ಮ ಪ್ರಸಂಗಪೀಠಗಳಿಂದ ಯಾರೂ ವಿವರಿಸಿದ್ದನ್ನು ನಾನು ಕೇಳಿಲ್ಲ.

ಹಾದರದ ಕಾರಣವೊಂದನ್ನು ಹೊರತುಪಡಿಸಿ ಎಂಬ ಮತ್ತಾಯನ ವಾಕ್ಯಖಂಡವು ಮಾರ್ಕನಲ್ಲಿಯೂ ಲೂಕನಲ್ಲಿಯೂ ಇಲ್ಲ. ಈ ಸಣ್ಣ ಖಂಡದ ಸುತ್ತ ಇಡೀ ಕ್ರೈಸ್ತಲೋಕವೇ ಕವಲೊಡೆದುದನ್ನು ತಾವೆಲ್ಲ ಬಲ್ಲಿರಿ. ರೋಮಿನ ಸಭೆಯು ಸಾಂಗವಾದ ವಿವಾಹಸಂಸ್ಕಾರಕ್ಕೆ ಬಿಡುಗಡೆಯಿಲ್ಲವೆಂದು ಸಾಧಿಸಿ, ಮೊದಲಿನಿಂದಲೂ ಮದುವೆಯೇ ಆಗಿರಲಿಲ್ಲವೆಂಬ ಅಸಿಂಧುತ್ವದ ನಿರ್ಣಯವೊಂದನ್ನು ಮಾತ್ರ ತೆರೆದಿಟ್ಟಿತು. ಪೂರ್ವದ ಆರ್ಥೊಡಾಕ್ಸ್ ಸಭೆಯು ಮಾನವದೌರ್ಬಲ್ಯವನ್ನೊಪ್ಪಿ, ಎರಡನೆಯ ಮದುವೆಗೆ ಪಶ್ಚಾತ್ತಾಪದ ಪ್ರಾರ್ಥನೆಗಳನ್ನು ಸೇರಿಸಿ ದಾರಿ ಬಿಟ್ಟಿತು. ಸುಧಾರಣೆಯ ಸಭೆಗಳಲ್ಲಿ ಹೆಚ್ಚಿನವು ಹಾದರಕ್ಕೂ ಪರಿತ್ಯಾಗಕ್ಕೂ ವಿಚ್ಛೇದನೆಯನ್ನು ಒಪ್ಪಿದುವು. ಒಂದು ದೇಶದ ಕ್ರೈಸ್ತರಿಗೆ ನಿಷಿದ್ಧವಾದದ್ದು ಇನ್ನೊಂದು ದೇಶದ ಕ್ರೈಸ್ತರಿಗೆ ಸಲ್ಲುತ್ತಿದ್ದುದೂ ಉಂಟು. ಈ ವೈವಿಧ್ಯವನ್ನೆಲ್ಲ ಇಲ್ಲಿ ವಿಸ್ತರಿಸುವ ಉದ್ದೇಶ ನನಗಿಲ್ಲ. ಯಾವ ಕವಲಿನವರಾದರೂ ಒಂದು ಪ್ರಶ್ನೆಗೆ ಉತ್ತರಿಸಬೇಕಾಗಿದೆ: ಗಂಡಿಗೂ ಹೆಣ್ಣಿಗೂ ತೂಗುವ ತಕ್ಕಡಿ ಒಂದೇ ಆಗಿದೆಯೆ?

ಆದಿಕಾಲದ ಪಿತೃಗಳಿಗೆ ಈ ಪ್ರಶ್ನೆ ಹೊಳೆಯದಿರಲಿಲ್ಲ. ನಾಲ್ಕನೆಯ ಶತಮಾನದ ನಾಜಿಯಾಂಜಸಿನ ಗ್ರೆಗೊರಿಯು ಮತ್ತಾಯನ ಇದೇ ಅಧ್ಯಾಯದ ಮೇಲೆ ಮಾಡಿದ ಉಪದೇಶದಲ್ಲಿ, ಹೆಂಗಸಿನ ಅಪರಾಧವನ್ನು ದಂಡಿಸಿ ಗಂಡಸಿನ ಅಪರಾಧವನ್ನು ಬಿಟ್ಟುಬಿಡುವ ರಾಜಶಾಸನಗಳು ತನಗೆ ಸಮ್ಮತವಲ್ಲವೆಂದೂ, ಶಾಸನಗಳನ್ನು ರಚಿಸಿದವರು ಗಂಡಸರಾದುದರಿಂದಲೇ ಅವು ಹೆಂಗಸರಿಗೆ ಪ್ರತಿಕೂಲವಾಗಿವೆಯೆಂದೂ ಮುಚ್ಚುಮರೆಯಿಲ್ಲದೆ ಸಾರಿದ್ದಾನೆ. ಅದೇ ಶತಮಾನದ ಕೊನೆಯಲ್ಲಿ ಜೆರೋಮನು ರೋಮಿನ ಕುಲೀನ ಮಹಿಳೆ ಫಾಬಿಯೋಲಾ ತೀರಿಕೊಂಡಾಗ ಬರೆದ ಪತ್ರವೊಂದಿದೆ. ಆಕೆಯ ಮೊದಲ ಗಂಡನು ಬೀದಿಯ ಹೆಂಗಸೂ ಕೀಳಾಳೂ ಸಹಿಸಲಾರದಂತಹ ದುರ್ವ್ಯಸನಿಯಾಗಿದ್ದನಂತೆ. ಆಕೆ ಅವನನ್ನು ಬಿಟ್ಟು, ಅವನು ಬದುಕಿರುವಾಗಲೇ ಎರಡನೆಯ ಮದುವೆಯಾದಳು. ಎರಡನೆಯ ಗಂಡನೂ ಸತ್ತ ಬಳಿಕ, ಯಾರೂ ಬಲಾತ್ಕರಿಸದಿದ್ದರೂ, ಗೋಣಿಬಟ್ಟೆಯನ್ನುಟ್ಟು ತಲೆಗೂದಲು ಕೆದರಿಕೊಂಡು, ಲ್ಯಾಟರನ್ ದೇವಾಲಯದಲ್ಲಿ ಇಡೀ ರೋಮ್ ನೋಡುತ್ತಿರುವಂತೆ ಪ್ರಾಯಶ್ಚಿತ್ತಕ್ಕೆ ನಿಂತಳು. ಅನಂತರ ಆಸ್ತಿಯನ್ನೆಲ್ಲ ಮಾರಿ ರೋಗಿಗಳಿಗಾಗಿ ಆಸ್ಪತ್ರೆಯನ್ನು ಕಟ್ಟಿಸಿ, ಕೀವು ಸುರಿಯುವ ಹುಣ್ಣುಗಳನ್ನು ತನ್ನ ಕೈಯಾರೆ ತೊಳೆದಳು. ಜೆರೋಮನು ಮದುವೆಯ ವಿಷಯದಲ್ಲಿ ಉದಾರಿಯೆಂದು ಹೆಸರು ಪಡೆದವನೇನೂ ಅಲ್ಲ. ಎರಡನೆಯ ಮದುವೆಯನ್ನು ಅವನು ತಪ್ಪೆಂದೇ ಎಣಿಸಿದನು. ಆದರೂ ಮೊದಲ ಗಂಡನನ್ನು ಬಿಟ್ಟುದಕ್ಕಾಗಿ ಆಕೆಯ ಮೇಲೆ ಒಂದು ಕಟುನುಡಿಯನ್ನೂ ಆಡದೆ, ಕೈಸರನ ಕಾಯಿದೆ ಬೇರೆ, ಕ್ರಿಸ್ತನ ಕಾಯಿದೆ ಬೇರೆ, ನಮ್ಮಲ್ಲಿ ಹೆಣ್ಣಿಗೆ ಸಲ್ಲದ್ದು ಗಂಡಿಗೂ ಸಲ್ಲದು ಎಂಬ ಅರ್ಥದ ಮಾತನ್ನು ಅಲ್ಲಿಯೇ ಬರೆದನು.

ಕೈಸರನ ಕಾಯಿದೆಯ ಮಾತು ಬಂದುದರಿಂದ ನಮ್ಮ ದೇಶದ ಕಾಯಿದೆಯತ್ತ ತಮ್ಮ ಗಮನವನ್ನು ಸೆಳೆಯಬೇಕಾಗಿದೆ. 1869ರ ಭಾರತೀಯ ವಿವಾಹವಿಚ್ಛೇದನ ಕಾಯಿದೆಯು ಇಂಗ್ಲೆಂಡಿನ 1857ರ ಕಾಯಿದೆಯ ಮಾದರಿಯಲ್ಲಿ ರಚಿತವಾದದ್ದು. ಅದರ ಹತ್ತನೆಯ ಕಲಮಿನಂತೆ, ಹೆಂಡತಿ ಹಾದರಗೈದಳೆಂದು ರುಜುವಾತು ಮಾಡಿದರೆ ಗಂಡನಿಗೆ ಬಿಡುಗಡೆ ದೊರೆಯುತ್ತಿತ್ತು. ಹೆಂಡತಿಗಾದರೋ ಗಂಡನ ಹಾದರವೊಂದೇ ಸಾಲದು; ಆ ಹಾದರ ರಕ್ತಸಂಬಂಧದಲ್ಲಿ ನಡೆದಿರಬೇಕು, ಇಲ್ಲವೆ ಅದರೊಡನೆ ಕ್ರೌರ್ಯವೋ, ದ್ವಿಪತ್ನೀತ್ವವೋ, ಎರಡು ವರ್ಷಗಳ ಪರಿತ್ಯಾಗವೋ ಕೂಡಿರಬೇಕು. ಬರಿಯ ಕ್ರೌರ್ಯಕ್ಕೆ, ಅದೆಷ್ಟೇ ಘೋರವಾಗಿರಲಿ, ಬೇರೆವಾಸಕ್ಕೆ ಅಪ್ಪಣೆ ದೊರೆಯುತ್ತಿತ್ತೇ ಹೊರತು ಬಿಡುಗಡೆಯಿಲ್ಲ. ಗಂಡನು ಹೆಂಡತಿಯ ಜಾರನ ಮೇಲೆ ನಷ್ಟಪರಿಹಾರದ ಮೊಕದ್ದಮೆ ಹೂಡುವುದಕ್ಕೆ ಮೂವತ್ತನಾಲ್ಕನೆಯ ಕಲಮು ಅವಕಾಶವಿತ್ತಿತ್ತು. ಗದ್ದೆಗೆ ದನ ನುಗ್ಗಿಸಿದವನಿಂದ ಬೆಳೆಯ ಬೆಲೆಯನ್ನು ವಸೂಲು ಮಾಡಿದ ಹಾಗೆ. ಜಿಲ್ಲಾ ನ್ಯಾಯಾಲಯವು ಡಿಕ್ರಿಯನ್ನಿತ್ತರೂ, ಉಚ್ಚ ನ್ಯಾಯಾಲಯವು ಅದನ್ನು ಸ್ಥಿರಪಡಿಸುವವರೆಗೆ ಮದುವೆ ಮುರಿದಂತಾಗುತ್ತಿರಲಿಲ್ಲ. ಆ ಅಲೆದಾಟದಲ್ಲಿ ವರ್ಷಗಳೇ ಸಂದುಹೋಗುತ್ತಿದ್ದುವು.

ಇಂಗ್ಲೆಂಡು ತನ್ನ ಈ ಪಕ್ಷಪಾತವನ್ನು 1923ರಲ್ಲಿ ತೊಡೆದುಹಾಕಿತು. ಸ್ವತಂತ್ರ ಭಾರತದ ಕಾನೂನು ಆಯೋಗವು 1960ರಲ್ಲಿ ಒಮ್ಮೆ, 1983ರಲ್ಲಿ ಇನ್ನೊಮ್ಮೆ ತಿದ್ದುಪಡಿಗಾಗಿ ವರದಿಯಿತ್ತಿತು. 1995ರಲ್ಲಿ ಕೇರಳದ ಉಚ್ಚ ನ್ಯಾಯಾಲಯದ ಪೂರ್ಣಪೀಠವು ಹತ್ತನೆಯ ಕಲಮಿನ ಅಸಮತೆಯನ್ನು ಸಂವಿಧಾನವಿರುದ್ಧವೆಂದು ಕತ್ತರಿಸಿಹಾಕಿತು. ಸಂಸತ್ತು ಕಣ್ತೆರೆದದ್ದು 2001ರಲ್ಲಿ. ಅಂದರೆ, ವಿಲಾಯತಿಯ ಹೆಂಗಸಿಗೆ ಸಿಕ್ಕಿದ ಸಮಾನನ್ಯಾಯವು ಇಲ್ಲಿಯ ಕ್ರೈಸ್ತ ಹೆಂಗಸಿಗೆ ದೊರೆಯಲು ಎಪ್ಪತ್ತೆಂಟು ವರ್ಷ ಹೆಚ್ಚಾಗಿ ಹಿಡಿಯಿತು. ಅಷ್ಟೂ ಕಾಲ ಅದೇ ಸತ್ಯವೇದ, ಅದೇ ಲಗ್ನಪ್ರಮಾಣ. ಈಗ ಗಂಡನಾಗಲಿ ಹೆಂಡತಿಯಾಗಲಿ ಹಾದರ, ಕ್ರೌರ್ಯ, ಪರಿತ್ಯಾಗ ಮುಂತಾದ ಒಂದೇ ಬಗೆಯ ಕಾರಣಗಳ ಮೇಲೆ ಅರ್ಜಿ ಕೊಡಬಹುದು. ಪರಸ್ಪರ ಸಮ್ಮತಿಯ ವಿಚ್ಛೇದನೆಗೂ ದಾರಿಯಾಗಿದೆ. ಆ ಸಮ್ಮತಿಗೆ ಮುನ್ನ ಇತರರಿಗೆ ಒಂದು ವರ್ಷದ ಬೇರೆವಾಸ ಸಾಕಾಗಿದ್ದಾಗ ಕ್ರೈಸ್ತರಿಗೆ ಮಾತ್ರ ಎರಡು ವರ್ಷವೆಂದಿದ್ದ ನಿಯಮವನ್ನು ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯವು 2014ರಲ್ಲಿ ಒಂದು ವರ್ಷವೆಂದೇ ಓದಿಕೊಳ್ಳತಕ್ಕದ್ದೆಂದು ತೀರ್ಪಿತ್ತಿತು.

ಪ್ರಸಂಗವಶಾತ್ ಇನ್ನೊಂದು ಮಾತು. ದಂಡಸಂಹಿತೆಯ 497ನೆಯ ಕಲಮನ್ನು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ರದ್ದುಪಡಿಸಿದಾಗ, ಹಾದರಕ್ಕೆ ಲೈಸೆನ್ಸ್ ಸಿಕ್ಕಿತೆಂದು ನಮ್ಮಲ್ಲಿ ಕೆಲವರು ಹೌಹಾರಿದರು. ಆ ಕಲಮಿನ ಸ್ವರೂಪವನ್ನು ಅವರು ನೋಡಿರಲಿಲ್ಲವೆಂದು ತೋರುತ್ತದೆ. ಪರರ ಹೆಂಡತಿಯೊಡನೆ ಕೂಡುವುದು ಅಪರಾಧವಾಗುತ್ತಿದ್ದುದು ಆಕೆಯ ಗಂಡನ ಸಮ್ಮತಿಯಿಲ್ಲದಿದ್ದರೆ ಮಾತ್ರ. ತನ್ನ ಗಂಡನು ದ್ರೋಹ ಬಗೆದನೆಂದು ಹೆಂಡತಿ ದೂರುಕೊಡುವ ಹಾಗೆಯೇ ಇರಲಿಲ್ಲ. ಗಂಡನ ಸಮ್ಮತಿಯಿಂದ ಪಾಪವು ಪಾಪವಾಗದೆ ಹೋಗುತ್ತದೆಂಬ ಸಿದ್ಧಾಂತವು ಹತ್ತು ಆಜ್ಞೆಗಳನ್ನು ಕಂಠಪಾಠ ಮಾಡಿದ ನಮಗೆ ಎಂದಿನಿಂದ ಪ್ರಿಯವಾಯಿತು? ಮೆಕಾಲೆಯ 1837ರ ಕರಡಿನಲ್ಲಿ ಹಾದರವು ಅಪರಾಧವಾಗಿಯೇ ಇರಲಿಲ್ಲವೆಂಬುದೂ ಸ್ಮರಣೀಯ. ಪೋಲೀಸಿನವರ ಕೈಯಿಂದ ತಪ್ಪಿದುದು ಪ್ರಭುವಿನ ಕೈಯಿಂದಲೂ ತಪ್ಪಿತೆಂದು ಭಾವಿಸುವುದಾದರೆ, ಅದು ನಮ್ಮ ಶ್ರದ್ಧೆಯ ದೌರ್ಬಲ್ಯವೇ ಹೊರತು ನ್ಯಾಯಾಲಯದ ದೋಷವಲ್ಲ.

ಕಾಯಿದೆ ಬದಲಾಯಿತು, ಸಭಾ ಸಮಿತಿಯ ಕೊಠಡಿ ಬದಲಾಗಲಿಲ್ಲ. ಬಂಧುಗಳ ಪರವಾಗಿ ಅಂತಹ ವಿಚಾರಣೆಗಳಲ್ಲಿ ಕುಳಿತಿದ್ದವನು ನಾನು. ದೇವಾಲಯದ ಮಗ್ಗುಲಿನ ಚಿಕ್ಕ ಕೊಠಡಿ. ಬಟ್ಟೆ ಹೊದಿಸಿದ ಹಾರ್ಮೋನಿಯಂ, ಗೋಡೆಗೆ ಒರಗಿಸಿಟ್ಟ ಗೀತೆಗಳ ಪುಸ್ತಕಗಳು, ಮೇಜಿನ ಮೇಲೆ ಸ್ಟೀಲ್ ಲೋಟಗಳಲ್ಲಿ ತಣ್ಣಗಾದ ಕಾಫಿ. ತಾಯಿಯೊಡನೆ ಬಂದ ಹೆಣ್ಣುಮಗಳು ಎಡಗೈಗೆ ಕರವಸ್ತ್ರವನ್ನು ಸುತ್ತಿಕೊಂಡಿದ್ದಳು. “ಕೈ ಎತ್ತುತ್ತಾರೆ ಅಂತೀಯಲ್ಲಮ್ಮ, ಬೇರೆ ಹೆಂಗಸಿನ ಸಹವಾಸ ಏನಾದರೂ ಇದೆಯೇನು?” ಎಂದು ಹಿರಿಯರೊಬ್ಬರು ಕೇಳಿದರು. “ಅದೊಂದಿಲ್ಲ ಅಯ್ಯನವರೇ” ಎಂದಳು. “ಮತ್ತೆ? ಹೊಂದಿಕೊಂಡು ಹೋಗಬೇಕಮ್ಮ. ಪ್ರಾರ್ಥನೆ ಮಾಡು, ನಾವೂ ಮಾಡ್ತೀವಿ” ಎಂದು ಉತ್ತರ ಬಂದಿತು. ಹೇಳಿದವರು ದುಷ್ಟರಲ್ಲ, ಪ್ರಾರ್ಥನೆಯನ್ನು ನಿಜವಾಗಿಯೂ ಮಾಡಿದರು, ಕಣ್ಣೀರು ಹಾಕಿಯೇ ಮಾಡಿದರು. ಕಾರ್ಯದರ್ಶಿಗಳು ನಡವಳಿ ಪುಸ್ತಕದಲ್ಲಿ, ಉಭಯರಿಗೂ ಬುದ್ಧಿ ಹೇಳಿ ಕಳುಹಿಸಲಾಯಿತೆಂದು ಬರೆದುಕೊಂಡರು. ಗಂಡನು ಆ ದಿನ ಬಂದೇ ಇರಲಿಲ್ಲ.

ಯೋಹಾನನ ಸುವಾರ್ತೆಯ ಎಂಟನೆಯ ಅಧ್ಯಾಯದಲ್ಲಿಯೂ ಗಂಡಸು ಬಂದಿರುವುದಿಲ್ಲ. ಹಾದರ ಮಾಡುತ್ತಿರುವಾಗಲೇ ಸಿಕ್ಕಿದವಳೆಂದು ಹೆಂಗಸನ್ನು ಎಳೆತಂದರಲ್ಲ. ಯಾಜಕಕಾಂಡವು ಇಬ್ಬರಿಗೂ ಮರಣವನ್ನೇ ವಿಧಿಸಿದೆಯಷ್ಟೆ, ಆ ಇನ್ನೊಬ್ಬನನ್ನು ಎಲ್ಲಿ ಬಿಟ್ಟುಬಂದರು? ಈ ಕಥಾಭಾಗವು ಅತಿ ಪ್ರಾಚೀನವಾದ ಗ್ರೀಕ್ ಹಸ್ತಪ್ರತಿಗಳಲ್ಲಿ ಇಲ್ಲವೆಂಬುದು ವಿದ್ವಾಂಸರಿಗೆಲ್ಲ ತಿಳಿದ ಸಂಗತಿ. ಅದಕ್ಕೆ ಅಗಸ್ಟೀನನು ಊಹಿಸಿದ ಕಾರಣ ವಿಚಾರಾರ್ಹವಾಗಿದೆ: ತಮ್ಮ ಹೆಂಡಿರಿಗೆ ಪಾಪಮಾಡಲು ಧೈರ್ಯ ಬಂದೀತೆಂದು ಹೆದರಿದ ಅಲ್ಪವಿಶ್ವಾಸಿಗಳು ಅದನ್ನು ತಮ್ಮ ಪ್ರತಿಗಳಿಂದ ತೆಗೆದುಹಾಕಿದರಂತೆ. ಊಹೆ ಸರಿಯೋ ತಪ್ಪೋ, ಅಂತಹ ಗಂಡಂದಿರು ಅವನ ಕಾಲದಲ್ಲಿಯೂ ಇದ್ದರೆಂಬುದಕ್ಕೆ ಸಾಕ್ಷಿ ಬೇರೆ ಬೇಡ.

ತಾಳ್ಮೆಯ ಉಪದೇಶವು ನಮ್ಮಲ್ಲಿ ಸದಾ ಹೆಂಡತಿಯ ಕಡೆಗೇ ಹರಿಯುವುದು ಇನ್ನೂ ಸೋಜಿಗದ ವಿಷಯ. ಸತ್ಯವೇದದಲ್ಲಿ ದ್ರೋಹವನ್ನು ಕ್ಷಮಿಸಿ ಸಂಗಾತಿಯನ್ನು ಮರಳಿ ಮನೆಗೆ ಕರೆತಂದವರ ಮಹಾದೃಷ್ಟಾಂತವೊಂದಿದ್ದರೆ ಅದು ಹೋಶೇಯ ಪ್ರವಾದಿಯದು. ಅವನು ಗಂಡ, ಹೆಂಡತಿಯಲ್ಲ. ಹದಿನೈದು ಬೆಳ್ಳಿಯ ನಾಣ್ಯಗಳನ್ನೂ ಜವೆಗೋದಿಯನ್ನೂ ತೆತ್ತು, ಪರರ ಪಾಲಾಗಿದ್ದ ಹೆಂಡತಿಯನ್ನು ಅವನು ಬಿಡಿಸಿಕೊಂಡು ಬಂದನು. ಹಾದರಗೈದ ಹೆಂಡತಿಯ ಗಂಡನೊಬ್ಬನು ಸಮಿತಿಯ ಮುಂದೆ ಬಂದಾಗ ಹೋಶೇಯನ ಅಧ್ಯಾಯವನ್ನು ತೆರೆದು ಓದಿದ ಹಿರಿಯರು ಎಷ್ಟು ಮಂದಿ?

ಹಾದರವಲ್ಲದ ಕಾರಣದಿಂದ ದಂಪತಿಗಳು ಬೇರೆಯಾಗಬಹುದೇ ಎಂಬ ಶಂಕೆ ತಮಗುಂಟಾದರೆ, ಅತ್ಯಂತ ಕಠಿನವೆನಿಸಿದ ಕ್ಯಾಥೊಲಿಕ್ ಧರ್ಮಸಂಹಿತೆಯನ್ನೇ ನೋಡಬಹುದು. 1983ರ ಆ ಸಂಹಿತೆಯ 1153ನೆಯ ಸೂತ್ರವು, ಸಂಗಾತಿಯ ಆತ್ಮಕ್ಕಾಗಲಿ ಶರೀರಕ್ಕಾಗಲಿ ಗುರುತರವಾದ ಅಪಾಯವನ್ನು ತಂದೊಡ್ಡುವವನಿಂದ ಬೇರೆಯಾಗುವುದು ನ್ಯಾಯವೆನ್ನುತ್ತದೆ; ವಿಳಂಬದಿಂದ ಕೇಡಾಗುವಂತಿದ್ದರೆ ತನ್ನ ನಿರ್ಧಾರದಿಂದಲೇ ಹೊರಬರಬಹುದೆನ್ನುತ್ತದೆ. ಸುಧಾರಕರಲ್ಲಿ ಕ್ಯಾಲ್ವಿನನ ಜಿನೀವವು ಪ್ರಾಣಾಪಾಯವಿಲ್ಲದ ಹೊರತು ಹೊಡೆತ ತಿಂದ ಹೆಂಡತಿ ಮನೆ ಬಿಡಬಾರದೆಂದಿತು. ಅವನ ಸಮಕಾಲೀನನೂ ಮಿತ್ರನೂ ಆದ ಮಾರ್ಟಿನ್ ಬ್ಯೂಸರನು ದಾಂಪತ್ಯದ ಸಾರವೇ ಸತ್ತುಹೋದಲ್ಲಿ ವಿಚ್ಛೇದನೆ ಸಲ್ಲುವುದೆಂದು ವಾದಿಸಿದನು. ಅವನ ವಾದವನ್ನು ಮಿಲ್ಟನ್ ಕವಿಯು 1644ರಲ್ಲಿ ಇಂಗ್ಲಿಷಿಗೆ ಇಳಿಸಿದನು. ಈ ವಿಷಯದಲ್ಲಿ ನಾನು ಬ್ಯೂಸರನ ಪಕ್ಷದವನು. ಕೊರಿಂಥದವರಿಗೆ ಬರೆಯುವಾಗ ಪೌಲನು ಅವಿಶ್ವಾಸಿಯಾದ ಸಂಗಾತಿ ಅಗಲಿಹೋದರೆ ಸಹೋದರನಾಗಲಿ ಸಹೋದರಿಯಾಗಲಿ ಬದ್ಧರಲ್ಲವೆಂದೂ, ದೇವರು ನಮ್ಮನ್ನು ಕರೆದಿರುವುದು ಸಮಾಧಾನಕ್ಕೆಂದೂ ಹೇಳುತ್ತಾನೆ. ಮನೆಯಲ್ಲಿಯೇ ಇದ್ದುಕೊಂಡು ದಿನಬೆಳಗಾದರೆ ಪ್ರಮಾಣವನ್ನು ಕಾಲಿನಿಂದೊದೆಯುವವನು ಅಗಲಿಹೋದವನಿಗಿಂತ ಯಾವ ವಿಧದಲ್ಲಿ ಹತ್ತಿರದವನು?

ಹೀಗೆ ಸಡಿಲಗೊಳಿಸಿದರೆ ಸಂಸಾರಗಳೆಲ್ಲ ಚೂರುಚೂರಾದಾವೆಂದು ತಾವು ಅಂಜುವುದು ನನಗೆ ಗೊತ್ತು. ಆ ಅಂಜಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸಣ್ಣ ಮನಸ್ತಾಪಕ್ಕೆ ವಕೀಲರ ಮನೆಗೆ ಓಡುವ ಎಳೆಯರನ್ನು ನಾನೂ ಕಂಡಿದ್ದೇನೆ; ಹತ್ತು ವರ್ಷ ಮುಖ ಕೊಟ್ಟು ಮಾತಾಡದಿದ್ದು, ಮಗುವಿನ ಕಾಯಿಲೆಯೊಂದರ ನೆಪದಲ್ಲಿ ಮತ್ತೆ ಒಂದಾಗಿ, ಚೆನ್ನಾಗಿಯೇ ಬಾಳಿದ ದಂಪತಿಗಳನ್ನೂ ಕಂಡಿದ್ದೇನೆ. ಅಂತಹ ಪುನರ್ಮಿಲನಕ್ಕೆ ಸಭೆಯು ಶ್ರಮಿಸಲೇಬೇಕು. ಆದರೆ ಶ್ರಮವು ಇಬ್ಬರ ಮನೆಯ ಬಾಗಿಲಿಗೂ ಹೋಗಬೇಕು. ಹೆಂಡತಿಯನ್ನು ಕೊಠಡಿಗೆ ಕರೆಸಿ ಗಂಡನನ್ನು ಅವನ ಪಾಡಿಗೆ ಬಿಡುವುದು ಸಂಧಾನವೆನಿಸದು.

ಇನ್ನು ಎರಡು ವ್ಯಾವಹಾರಿಕ ಬಿನ್ನಹಗಳುಂಟು. ಕ್ಯಾಥೊಲಿಕ್ ಗುರುಗಳಲ್ಲಿ ಮೊದಲನೆಯದು: ಧರ್ಮಸಭೆಯ ನ್ಯಾಯಮಂಡಲಿಯಿಂದ ಅಸಿಂಧುತ್ವದ ನಿರ್ಣಯವನ್ನು ಪಡೆದ ಮಾತ್ರಕ್ಕೆ ದೇಶದ ಕಾಯಿದೆಯ ಕಣ್ಣಿನಲ್ಲಿ ಮದುವೆ ಹರಿಯುವುದಿಲ್ಲ. ಸರ್ವೋಚ್ಚ ನ್ಯಾಯಾಲಯವು 1996ರಲ್ಲಿಯೇ ಇದನ್ನು ಸ್ಪಷ್ಟಪಡಿಸಿತು. ಅಂತಹ ನಿರ್ಣಯಗಳಿಗೆ ಮಾನ್ಯತೆ ದೊರೆಯಬೇಕೆಂದು ಮಂಗಳೂರಿನ ಹಿರಿಯ ಕ್ಯಾಥೊಲಿಕರೊಬ್ಬರು ಸಲ್ಲಿಸಿದ್ದ ಅರ್ಜಿಯನ್ನು 2017ರಲ್ಲಿ ತಳ್ಳಿಹಾಕಿತು. ಆದಕಾರಣ, ಆ ನಿರ್ಣಯವನ್ನು ನಂಬಿ ಎರಡನೆಯ ಮದುವೆಗೆ ನಿಲ್ಲುವವರು ದ್ವಿಪತ್ನೀತ್ವದ ಆರೋಪಕ್ಕೆ ಸಿಕ್ಕಿಬೀಳಬಹುದೆಂದು ಅರ್ಜಿ ತೆಗೆದುಕೊಳ್ಳುವ ದಿನವೇ ಅವರಿಗೆ ತಿಳಿಯಹೇಳುವುದು ಧರ್ಮ. ಎರಡನೆಯದು ಸಭಾಪಾಲಕರಲ್ಲಿ: ಕೌಟುಂಬಿಕ ನ್ಯಾಯಾಲಯದಿಂದ ಡಿಕ್ರಿ ಪಡೆದು ಬಂದ ಹೆಣ್ಣುಮಗಳನ್ನು ಸ್ತ್ರೀಸಮಾಜದ ಕೆಲಸದಿಂದ ಸದ್ದಿಲ್ಲದೆ ಬಿಡಿಸುವುದನ್ನೂ, ಕರ್ತನ ಭೋಜನಕ್ಕೆ ಆಕೆ ಎದ್ದುಬರುವಾಗ ಹಿರಿಯರು ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುವುದನ್ನೂ ನಿಲ್ಲಿಸಬೇಕು. ಅವಳ ಗಂಡನು ಅದೇ ಸಾಲಿನಲ್ಲಿ ನಿಂತು, ಯಾರ ಪ್ರಶ್ನೆಗೂ ಗುರಿಯಾಗದೆ, ರೊಟ್ಟಿಯನ್ನು ತೆಗೆದುಕೊಂಡು ಹೋಗುತ್ತಿರುವಾಗ ಈ ವಿಷಯದಲ್ಲಿ ನಮಗೆ ಬಾಯಿಲ್ಲ.

ಮದುವೆಗೆ ಮುನ್ನ ವಧೂವರರಿಗೆ ತಾವು ನಡೆಸುವ ಪಾಠಗಳಲ್ಲಿ ಎಫೆಸದವರಿಗೆ ಬರೆದ ಪತ್ರಿಕೆಯಿಂದ ಹೆಂಡತಿಯ ವಿಧೇಯತೆಯ ಭಾಗವನ್ನು ತಪ್ಪದೆ ಓದಿಸುತ್ತೀರಿ. ಅದರ ಹಿಂದಿನ ವಾಕ್ಯವು ಪರಸ್ಪರ ವಿಧೇಯತೆಯ ಮಾತು, ಮುಂದಿನ ವಾಕ್ಯಗಳು ಗಂಡನ ಕರ್ತವ್ಯದ ಮಾತು. ಅವನ್ನೂ ಅಷ್ಟೇ ಗಟ್ಟಿಯಾಗಿ, ವರನ ಕೈಯಲ್ಲಿಯೇ ಓದಿಸಿರಿ. ಹೊಡೆಯುವುದು ಪ್ರಮಾಣಭಂಗವೆಂದೂ, ಅಂತಹ ಸಂದರ್ಭದಲ್ಲಿ ಸಭೆಯು ಹೊಡೆಸಿಕೊಂಡವರ ಪಕ್ಷದಲ್ಲಿ ನಿಲ್ಲುವುದೆಂದೂ ಆ ಪಾಠದಲ್ಲಿಯೇ ಬಾಯಿಬಿಟ್ಟು ಹೇಳುವುದಕ್ಕೆ ತಮ್ಮ ಸಮಿತಿಗಳು ಒಪ್ಪುವುವೋ ಇಲ್ಲವೋ ಎಂಬುದಕ್ಕೆ ಉತ್ತರವನ್ನು ತಾವು ಈ ಪತ್ರದಂತೆಯೇ ಬಹಿರಂಗವಾಗಿ ಕೊಡಬೇಕೆಂದು ಪ್ರಾರ್ಥಿಸುತ್ತೇನೆ.

ಇತಿ,
ತಮ್ಮ ವಿಧೇಯ,
ಸಭೆಯ ಒಬ್ಬ ಸದಸ್ಯ